ಹದಿಮೂರು ವರ್ಷ ಹೊಸದಾದರೂ ಲೀಟರಿಗೆ 600 ಮೀಟರ್ ಅಷ್ಟೇನಾ?

ಪ್ರಶ್ನೆ: ನಮ್ಮ ಹತ್ತಿರ ಇರುವುದು 2008ರ ದೊಡ್ಡ ಎಸ್‌ಯುವಿ. ವಿ8 (ಎಂಟು ಸಿಲಿಂಡರಿನ) ಪೆಟ್ರೋಲ್ ಎಂಜಿನ್, 4 ಗೇರಿನ ಆಟೊಮ್ಯಾಟಿಕ್. ಪೇಟೆಯೊಳಗೆ ಲೀಟರಿಗೆ ಐದೂವರೆ ಕಿಲೋಮೀಟರ್ ಕೊಡುತ್ತದೆ. ನನ್ನ ಸ್ನೇಹಿತರ ಹತ್ತಿರ ಅದೇ ಗಾತ್ರದ, ಅದೇ ವಿ8 ಪೆಟ್ರೋಲಿನ 2021ರ ಗಾಡಿ ಇದೆ. ಅದಕ್ಕೆ 10 ಗೇರು, ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ವ್ಯವಸ್ಥೆ, ಬೇಡವಾದಾಗ ಕೆಲವು ಸಿಲಿಂಡರ್ ಬಂದ್ ಮಾಡುವ ತಂತ್ರ ಎಲ್ಲ ಇದೆ. ಕಳೆದ ತಿಂಗಳು ಎರಡೂ ಕುಟುಂಬದವರು ಹೈವೇಯಲ್ಲಿ ಒಂದೇ ದಾರಿಯಲ್ಲಿ ಹೋಗಿ ಬಂದೆವು. ವೇಗ ಹೆಚ್ಚುಕಡಿಮೆ 120. ನಮ್ಮದು ಲೀಟರಿಗೆ 7.6 ಕೊಟ್ಟಿತು, ಅವರದು 8.2. ಇಷ್ಟು ವರ್ಷದ ತಂತ್ರಜ್ಞಾನಕ್ಕೆ ಸಿಕ್ಕಿದ್ದು 600 ಮೀಟರ್ ಅಷ್ಟೇನಾ? ಮೈಲೇಜಿಗೋಸ್ಕರ ಗಾಡಿ ಬದಲಾಯಿಸುವುದರಲ್ಲಿ ಅರ್ಥ ಇದೆಯೇ? ವರ್ಷಕ್ಕೆ ಸುಮಾರು 15,000 ಕಿ.ಮೀ. ಓಡಿಸುತ್ತೇವೆ, ಅದರಲ್ಲಿ 9,000 ಪೇಟೆಯೊಳಗೇ.

ಉತ್ತರ: ನೀವು ಅಳೆದದ್ದು ಸರಿಯಾಗಿಯೇ ಇದೆ ಅನಿಸುತ್ತದೆ. ಆದರೆ ಹಳೇ ಗಾಡಿಗೂ ಹೊಸ ಗಾಡಿಗೂ ಇರುವ ಅಂತರ ಅತಿ ಕಡಿಮೆ ಕಾಣುವುದು ಯಾವ ಓಟದಲ್ಲೋ, ಅದೇ ಓಟದಲ್ಲಿ ನೀವು ಎರಡನ್ನೂ ಹೋಲಿಸಿದ್ದೀರಿ. 120ರ ವೇಗ, ತುಂಬಿದ ಗಾಡಿ, ಉದ್ದದ ಹೈವೇ. ಇದೇ ಎರಡು ಗಾಡಿಗಳನ್ನು ಒಂದು ವಾರ ಪೇಟೆಯೊಳಗೆ ಓಡಿಸಿದ್ದರೆ ನಿಮ್ಮ ಪ್ರಶ್ನೆ ಬೇರೆಯೇ ಇರುತ್ತಿತ್ತು.

ಮೊದಲು ಆ 600 ಮೀಟರನ್ನೇ ಸ್ವಲ್ಪ ತಿರುಗಿಸಿ ನೋಡೋಣ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದು ನಮಗೆಲ್ಲ ರೂಢಿ. ಆದರೆ ದೊಡ್ಡ ಗಾಡಿಗಳ ವಿಷಯದಲ್ಲಿ ಈ ಲೆಕ್ಕ ದಾರಿ ತಪ್ಪಿಸುತ್ತದೆ. ಜೇಬಿನಿಂದ ಹೋಗುವುದು ಲೀಟರು. ಆದ್ದರಿಂದ 100 ಕಿಲೋಮೀಟರಿಗೆ ಎಷ್ಟು ಲೀಟರ್ ಕುಡಿಯಿತು ಎಂದು ಕೇಳಬೇಕು. ಲೀಟರಿಗೆ 12 ಕೊಡುವ ಸಣ್ಣ ಕಾರನ್ನು ಬಿಟ್ಟು 14 ಕೊಡುವ ಕಾರು ತಗೊಂಡರೆ 15,000 ಕಿ.ಮೀ.ಗೆ ಉಳಿಯುವುದು ಸುಮಾರು 180 ಲೀಟರ್. 6 ಕೊಡುವ ಎಸ್‌ಯುವಿ ಬಿಟ್ಟು 8 ಕೊಡುವುದು ತಗೊಂಡರೆ ಉಳಿಯುವುದು 625 ಲೀಟರ್. ಎರಡೂ ಕಡೆ ಹೆಚ್ಚಿದ್ದು ಎರಡೇ ಕಿಲೋಮೀಟರ್. ಗಾಡಿ ಎಷ್ಟು ಹೆಚ್ಚು ಕುಡಿಯುತ್ತದೋ ಅಷ್ಟರ ಮಟ್ಟಿಗೆ ಸಣ್ಣ ಸುಧಾರಣೆಗೂ ಬೆಲೆ ಹೆಚ್ಚು. ನಿಮ್ಮ 7.6 ಮತ್ತು 8.2ರ ನಡುವಿನ ಅಂತರ 100 ಕಿಲೋಮೀಟರಿಗೆ ಒಂದು ಲೀಟರ್. ಇದು ದೊಡ್ಡದಲ್ಲ, ನಿಜ. ಆದರೆ ಏನೂ ಇಲ್ಲ ಅಂತಲೂ ಅಲ್ಲ.

ಇನ್ನು ಕಾಗದದ ಮೇಲಿನ ಅಂಕಿಗಳಿಗೆ ಬರೋಣ. ಹಳೇ ಗಾಡಿಯ ಹಳೇ ಕರಪತ್ರದ ಅಂಕಿ ಒಂದು ಕೈಯಲ್ಲಿ, ಹೊಸದರ ಅಂಕಿ ಇನ್ನೊಂದು ಕೈಯಲ್ಲಿ ಹಿಡಿದು ಹೋಲಿಸುವವರೇ ಜಾಸ್ತಿ. ಅದನ್ನು ಮಾಡಲೇಬಾರದು, ಏಕೆಂದರೆ ಅಳತೆಗೋಲೇ ಮಧ್ಯದಲ್ಲಿ ಬದಲಾಗಿದೆ. ಯುರೋಪಿನಲ್ಲಿ ಬಹಳ ಕಾಲ ನಡೆದದ್ದು ಎನ್‌ಇಡಿಸಿ ಎಂಬ ಪರೀಕ್ಷೆ. ಇಪ್ಪತ್ತು ನಿಮಿಷ, ಹನ್ನೊಂದು ಕಿಲೋಮೀಟರ್, ಮೆಲ್ಲಗೆ ವೇಗ ಹಿಡಿಯುವುದು, ಎಸಿ ಆಫ್. ಆ ಪರೀಕ್ಷೆಯ ಅಂಕಿಗೂ ರಸ್ತೆಯ ಮೇಲಿನ ವಾಸ್ತವಕ್ಕೂ 2001ರ ಸುಮಾರಿಗೆ ಶೇ 10ರಷ್ಟು ಇದ್ದ ವ್ಯತ್ಯಾಸ 2015ರ ಹೊತ್ತಿಗೆ ಶೇ 40ರ ಆಸುಪಾಸಿಗೆ ಬೆಳೆದಿತ್ತು. 2017ರ ಸೆಪ್ಟೆಂಬರಿನಿಂದ ಹೊಸ ಮಾದರಿಗಳಿಗೂ 2018ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆ ಬಂತು. ಅದು ಅರ್ಧ ಗಂಟೆಯದು, 23 ಕಿಲೋಮೀಟರ್, ವೇಗ 131ರವರೆಗೂ ಹೋಗುತ್ತದೆ. ಅಮೆರಿಕದ ಸರ್ಕಾರಿ ಪರಿಸರ ಸಂಸ್ಥೆ ಇಪಿಎ ಇದಕ್ಕೂ ಮುಂಚೆಯೇ, 2008ರ ಮಾದರಿಗಳಿಂದ, ತನ್ನ ಲೆಕ್ಕವನ್ನು ಬಿಗಿ ಮಾಡಿತು. ಹೆಚ್ಚಿನ ವೇಗ, ಜೋರಾಗಿ ಆ್ಯಕ್ಸಿಲರೇಟರ್ ಒತ್ತುವುದು, ಎಸಿ, ಚಳಿಯ ಸ್ಟಾರ್ಟ್ ಎಲ್ಲವೂ ಅದರೊಳಗೆ ಸೇರಿದವು. ಅಷ್ಟೇ ಅಲ್ಲ, ಹಳೇ ಮಾದರಿಗಳ ಅಂಕಿಗಳನ್ನೂ ಹೊಸ ಪದ್ಧತಿಗೆ ಹೊಂದುವಂತೆ ತಗ್ಗಿಸಿ ಪ್ರಕಟಿಸಿತು. ಹಳೇದು ಹೊಸದನ್ನು ಒಂದೇ ತಕ್ಕಡಿಯಲ್ಲಿ ಇಡಲು ಆ ಪಟ್ಟಿಯಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ, ಹಾಗಾಗಿ ನಾನು ಅದನ್ನೇ ಬಳಸುತ್ತೇನೆ. ಮೈಲಿ-ಗ್ಯಾಲನ್ ಲೆಕ್ಕವನ್ನು ಕಿಲೋಮೀಟರ್-ಲೀಟರಿಗೆ ನಾನೇ ಬದಲಾಯಿಸಿದ್ದೇನೆ. ಎಲ್ಲವೂ ಎರಡು ಚಕ್ರಗಳಿಗೆ ಮಾತ್ರ ಎಳೆತ ಇರುವ ಮಾದರಿಗಳವು.

ನಿಮ್ಮ ಗಾಡಿಯ ಹೆಸರು ನೀವು ಬರೆದಿಲ್ಲ. ಅದೇ ಜಾತಿಯ, ಬಹಳ ವರ್ಷಗಳಿಂದ ಒಂದೇ ಹೆಸರಿನಲ್ಲಿ ಬರುತ್ತಿರುವ ಶೆವ್ರೊಲೆ ಟಾಹೊವನ್ನು ನೋಡೋಣ. 5.3 ಲೀಟರಿನ ವಿ8, 4 ಗೇರಿನ 2008ರ ಗಾಡಿಗೆ ಪೇಟೆಯಲ್ಲಿ 5.9, ಹೈವೇಯಲ್ಲಿ 8.5. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಕ್ರಮ) ಮತ್ತು 6 ಗೇರು ಬಂದ 2015ರದ್ದಕ್ಕೆ ಪೇಟೆಯಲ್ಲಿ 6.8, ಹೈವೇಯಲ್ಲಿ 9.8. ಆಮೇಲೆ 2021ರಲ್ಲಿ 10 ಗೇರು ಬಂತು, ಸಿಲಿಂಡರುಗಳನ್ನು 17 ಬಗೆಯಲ್ಲಿ ಬಂದ್ ಮಾಡುವ ತಂತ್ರ ಬಂತು. ಆಗ ಪೇಟೆಯ ಅಂಕಿ 6.8ರಲ್ಲೇ ನಿಂತಿತು. ಹೈವೇಯ ಅಂಕಿ ಮಾತ್ರ ಮತ್ತೆ 8.5ಕ್ಕೆ ಇಳಿಯಿತು.

ಇದನ್ನು ಇನ್ನೊಮ್ಮೆ ಓದಿ. ಹದಿಮೂರು ವರ್ಷಗಳ ನಂತರ ಹೈವೇಯ ಅಂಕಿ ಹೊರಟಲ್ಲಿಗೇ ವಾಪಸ್ ಬಂದು ನಿಂತಿದೆ. ಎಂಜಿನಿಯರುಗಳು ಸುಮ್ಮನೆ ಕೂತಿದ್ದರು ಎಂದಲ್ಲ. ಅವರು ಉಳಿಸಿಕೊಟ್ಟದ್ದನ್ನು ಗಾಡಿ ಬೆಳೆದು ತಿಂದುಬಿಟ್ಟಿತು. 2021ರ ಟಾಹೊ ಹಿಂದಿನದಕ್ಕಿಂತ ಸುಮಾರು 17 ಸೆಂಟಿಮೀಟರ್ ಉದ್ದ, ಮೂರನೇ ಸಾಲಿನವರಿಗೆ ಕಾಲು ಚಾಚಲು ಜಾಗ ಹೆಚ್ಚು, ಚಕ್ರಗಳೂ ದೊಡ್ಡವು. ಇದು ಒಂದು ಕಂಪನಿಯ ಕಥೆಯಲ್ಲ, ಈ ಗಾತ್ರದ ಗಾಡಿಗಳೆಲ್ಲ ಹಾಗೇ ಬೆಳೆದಿವೆ. ತೂಕ ಇಳಿಸುವ ಹಟ ಹಿಡಿದಾಗ ಫಲ ಸಿಕ್ಕಿದ್ದೂ ಉಂಟು. 2014ರ ಫೋರ್ಡ್ ಎಕ್ಸ್‌ಪೆಡಿಷನ್ 5.4 ಲೀಟರಿನ ವಿ8 ಇಟ್ಟುಕೊಂಡು ಪೇಟೆಯಲ್ಲಿ 5.9, ಹೈವೇಯಲ್ಲಿ 8.5 ಕೊಡುತ್ತಿತ್ತು. 2018ರದ್ದು ಅಲ್ಯೂಮಿನಿಯಮ್ ಮೈ ತೊಟ್ಟು 135 ಕೆ.ಜಿ.ಯಷ್ಟು ಹಗುರಾಗಿ, 3.5 ಲೀಟರಿನ ಟರ್ಬೊ (ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ವಿ6 ಮತ್ತು 10 ಗೇರಿನೊಂದಿಗೆ 7.2 ಮತ್ತು 10.2ಕ್ಕೆ ಏರಿತು.

ಹಾಗಾದರೆ ನಿಮ್ಮ ಓಟದಲ್ಲಿ ಅಂತರ ಅಷ್ಟು ಕಡಿಮೆ ಏಕಾಯಿತು? ಇದಕ್ಕೆ ಗಾಳಿಯನ್ನು ಕೇಳಬೇಕು.

ಒಂದು ದೊಡ್ಡ ಎಸ್‌ಯುವಿಯ ಮೂತಿಯ ವಿಸ್ತೀರ್ಣ 3.2 ಚದರ ಮೀಟರ್, ಗಾಳಿಯನ್ನು ಸೀಳುವ ಗುಣಾಂಕ 0.37, ತೂಕ ಎರಡೂವರೆ ಟನ್ ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಟೈರು ಉರುಳಿಸಲು ಬೇಕಾದ ಬಲ ಸುಮಾರು 270 ನ್ಯೂಟನ್. ವೇಗ ಹೆಚ್ಚಿದರೂ ಇದು ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯದು ಹಾಗಲ್ಲ. 60ರ ವೇಗದಲ್ಲಿ 200 ನ್ಯೂಟನ್, 100ರಲ್ಲಿ 550, 120ರಲ್ಲಿ 790. ಎರಡನ್ನೂ ಕೂಡಿಸಿದರೆ 60ಕ್ಕೆ 470, 100ಕ್ಕೆ 820, 120ಕ್ಕೆ 1,060. ಅಂದರೆ 100ರಿಂದ 120ಕ್ಕೆ ಹೋದರೆ ಅದೇ ಒಂದು ಕಿಲೋಮೀಟರಿಗೆ ಶೇ 29ರಷ್ಟು ಹೆಚ್ಚು ಕೆಲಸ. ಈ ಲೆಕ್ಕದಲ್ಲಿ ಎಂಜಿನ್ ಹೊಸದೋ ಹಳೆಯದೋ ಎಂಬ ಮಾತೇ ಬಂದಿಲ್ಲ ನೋಡಿ. ನಿಮ್ಮದೂ ನಿಮ್ಮ ಸ್ನೇಹಿತರದ್ದೂ ಹೆಚ್ಚುಕಡಿಮೆ ಒಂದೇ ಅಳತೆಯ ಡಬ್ಬಿ. 120ರಲ್ಲಿ ಇಬ್ಬರೂ ಮುಖ್ಯವಾಗಿ ಗಾಳಿ ತಳ್ಳುತ್ತಿದ್ದಿರಿ.

ಎಂಜಿನ್ ಒಳಗೂ ಇದಕ್ಕೆ ಕಾರಣ ಇದೆ. ಮನೆಯಲ್ಲಿ ಸೂಜಿಯಿಲ್ಲದ ಸಿರಿಂಜ್ ಇದ್ದರೆ ಅದರ ತುದಿಯನ್ನು ಬೆರಳಿನಿಂದ ಅರ್ಧಂಬರ್ಧ ಮುಚ್ಚಿ ಹಿಡಿಕೆಯನ್ನು ಹಿಂದಕ್ಕೆ ಎಳೆಯಿರಿ. ಕೈಗೆ ಎಳೆತ ಸಿಗುತ್ತದೆ. ಪೆಟ್ರೋಲ್ ಎಂಜಿನ್ ನಿಧಾನದ ಓಟದಲ್ಲಿ ಮಾಡುವುದು ಇದನ್ನೇ. ಎಂಜಿನಿಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲು ಮುಕ್ಕಾಲು ಮುಚ್ಚಿರುತ್ತದೆ, ಪಿಸ್ಟನ್ ಗಾಳಿ ಎಳೆಯಲು ಒದ್ದಾಡುತ್ತದೆ, ಆ ಒದ್ದಾಟಕ್ಕೂ ಪೆಟ್ರೋಲ್ ಖರ್ಚು. ಎಂಜಿನ್ ದೊಡ್ಡದಾದಷ್ಟೂ, ಕೆಲಸ ಕಡಿಮೆಯಾದಷ್ಟೂ ಈ ನಷ್ಟ ಹೆಚ್ಚು. ವಿ8 ಎಂಜಿನನ್ನು ಪೇಟೆಯೊಳಗೆ 30ರ ವೇಗದಲ್ಲಿ ತೆವಳಿಸುವುದೆಂದರೆ ಆ ಸಿರಿಂಜನ್ನು ದಿನವಿಡೀ ಎಳೆದಂತೆ. ಕಳೆದ ಎರಡು ದಶಕಗಳಲ್ಲಿ ಬಂದ ಉಪಾಯಗಳೆಲ್ಲ ಬಹುಪಾಲು ಗುರಿ ಇಟ್ಟಿರುವುದು ಇಲ್ಲಿಗೇ. ಕೆಲವು ಸಿಲಿಂಡರ್ ಬಂದ್ ಮಾಡಿದರೆ ಉಳಿದವುಗಳ ಬಾಗಿಲು ಅಗಲ ತೆರೆಯುತ್ತದೆ. ಹತ್ತು ಗೇರಿದ್ದರೆ ಎಂಜಿನನ್ನು ಕಡಿಮೆ ಆರ್‌ಪಿಎಂನಲ್ಲಿ, ಹೆಚ್ಚು ತೆರೆದ ಬಾಗಿಲಿನಲ್ಲಿ ಓಡಿಸಬಹುದು. ಸಣ್ಣ ಎಂಜಿನ್ ಇಟ್ಟು ಟರ್ಬೊ ಜೋಡಿಸುವುದೂ ಇದೇ ಉದ್ದೇಶಕ್ಕೆ. ಆದರೆ 120ರಲ್ಲಿ, ಏಳು ಜನ ಮತ್ತು ಲಗೇಜು ಹೊತ್ತಾಗ, ನಿಮ್ಮ ಹಳೇ ವಿ8ಗೂ ಬಾಗಿಲು ಸಾಕಷ್ಟು ತೆರೆದೇ ಇರುತ್ತದೆ. ಅದು ತನಗೆ ಹಿಡಿಸಿದ ಕೆಲಸವನ್ನು ಮಾಡುತ್ತಿರುತ್ತದೆ. ಹೊಸದಕ್ಕೆ ಸಿಲಿಂಡರ್ ಬಂದ್ ಮಾಡುವ ಅವಕಾಶ ಅಲ್ಲಿ ಕಡಿಮೆ, ಸಿಗ್ನಲ್ ಇಲ್ಲದ ಕಡೆ ಸ್ಟಾರ್ಟ್-ಸ್ಟಾಪ್‌ಗೂ ಕೆಲಸವಿಲ್ಲ.

ಟರ್ಬೊ ಪೆಟ್ರೋಲ್ ಗಾಡಿಗಳ ಬಗ್ಗೆ ಒಂದು ಮಾತು ಸೇರಿಸಬೇಕು, ಬದಲಾಯಿಸುವ ಯೋಚನೆ ಇದ್ದರೆ ನಿಮಗೆ ಅವು ಎದುರಾಗುತ್ತವೆ. ಹಗುರ ಕಾಲಿನಲ್ಲಿ ಅವು ನಿಜಕ್ಕೂ ಕಡಿಮೆ ಕುಡಿಯುತ್ತವೆ. ಆದರೆ ಘಾಟಿ ಹತ್ತುವಾಗ, ಟ್ರೇಲರ್ ಎಳೆಯುವಾಗ, ಒಂದೇ ಸಮನೆ ಜೋರು ಒತ್ತಿದಾಗ ಒಳಗಿನ ಬಿಸಿ ವಿಪರೀತ ಏರುತ್ತದೆ. ಅನೇಕ ಎಂಜಿನುಗಳಲ್ಲಿ ಟರ್ಬೊ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡದಂತೆ ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಸುರಿದು ತಂಪು ಮಾಡುತ್ತದೆ. ಆ ಹೊತ್ತಿನಲ್ಲಿ ಅದರ ಕುಡಿತ ವಿ8ಗಿಂತ ಕಡಿಮೆಯೇನೂ ಇರುವುದಿಲ್ಲ. ನಿಮ್ಮ ಓಟ ಬಹುಪಾಲು ಇಂಥದ್ದೇ ಆಗಿದ್ದರೆ ಅದರ ಲೇಬಲ್ಲಿನ ಮೈಲೇಜ್ ಅಂಕಿ ನೋಡಿ ಆಸೆ ಪಡಬೇಡಿ.

ಈಗ ನಿಜವಾದ ಜಿಗಿತ ಎಲ್ಲಿದೆ ಎಂಬ ವಿಷಯ. ಹಳೇದು, ಹೊಸದು ಎಂದು ಗೆರೆ ಎಳೆಯುವುದೇ ತಪ್ಪು ಎಂದು ನನಗೆ ಮನದಟ್ಟಾದದ್ದು ಎರಡು ಉದಾಹರಣೆಗಳಿಂದ. ಟೊಯೋಟಾ ಸಿಕ್ವೊಯಾ 2022ರವರೆಗೆ 5.7 ಲೀಟರಿನ ವಿ8 ಇಟ್ಟುಕೊಂಡಿತ್ತು, ಪೇಟೆಯಲ್ಲಿ 5.5, ಹೈವೇಯಲ್ಲಿ 7.2. ಮರುವರ್ಷದ ಮಾದರಿ 3.4 ಲೀಟರಿನ ಟರ್ಬೊ ವಿ6 ಜೊತೆಗೆ ಬ್ಯಾಟರಿಯಿಂದ ಓಡುವ ಹೈಬ್ರಿಡ್ ಮೋಟರ್ ಸೇರಿಸಿಕೊಂಡು ಬಂದಾಗ 8.9 ಮತ್ತು 10.2. ಪೇಟೆಯಲ್ಲಿ ಶೇ 60ಕ್ಕೂ ಹೆಚ್ಚು, ಹೈವೇಯಲ್ಲಿ ಶೇ 40ರಷ್ಟು. ಒಂದೇ ವರ್ಷದಲ್ಲಿ! ಇನ್ನೊಂದು ಉದಾಹರಣೆ ನಿಮ್ಮ ಗಾಡಿಯ ವರ್ಷದ್ದೇ. 2008ರಲ್ಲಿ ಟಾಹೊಗೆ ಒಂದು ಹೈಬ್ರಿಡ್ ಮಾದರಿಯೂ ಇತ್ತು, 6 ಲೀಟರಿನ ವಿ8ಗೆ ಎರಡು ಮೋಟರ್ ಜೋಡಿಸಿದ್ದು. ಅದರ ಅಂಕಿ ಪೇಟೆಯಲ್ಲಿ 8.9, ಹೈವೇಯಲ್ಲಿ 9.4. ಪೇಟೆಯೊಳಗೆ ಅದು 2021ರ ಪೆಟ್ರೋಲ್ ಟಾಹೊವನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಹೊಸ ಡೀಸೆಲ್ ಕೂಡ ಹೀಗೆಯೇ; 2021ರ ಟಾಹೊದ 3 ಲೀಟರ್ ಡೀಸೆಲ್ ಎಂಜಿನ್‌ಗೆ ಪೇಟೆಯಲ್ಲಿ 8.9, ಹೈವೇಯಲ್ಲಿ 11.9. ಡೀಸೆಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಶೇ 10ಕ್ಕೂ ಹೆಚ್ಚು ಶಕ್ತಿ ಇರುವುದರಿಂದ ಲೀಟರಿನ ಹೋಲಿಕೆಯಲ್ಲಿ ಆ ಅನುಕೂಲವೂ ಸೇರಿಕೊಂಡಿದೆ ಎಂಬುದು ನೆನಪಿರಲಿ. ಆದರೆ ಥ್ರಾಟಲ್ ಬಾಗಿಲಿನ ಒದ್ದಾಟ ಡೀಸೆಲ್‌ಗೆ ಬಹುಮಟ್ಟಿಗೆ ಇಲ್ಲ, ಅದು ಹುಟ್ಟಿನಿಂದಲೇ ಬಂದ ಲಾಭ.

ಹೈಬ್ರಿಡ್ ಪೇಟೆಯಲ್ಲಿ ಅಷ್ಟೊಂದು ಉಳಿಸುವುದೇಕೆ ಎಂದರೆ, ಎರಡೂವರೆ ಟನ್ ತೂಕವನ್ನು ಪ್ರತಿ ಸಿಗ್ನಲಿನಲ್ಲೂ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಮಾಮೂಲಿ ಗಾಡಿ ಆ ಓಟದ ಶಕ್ತಿಯನ್ನೆಲ್ಲ ಬ್ರೇಕಿನಲ್ಲಿ ಬಿಸಿ ಮಾಡಿ ಕಳೆಯುತ್ತದೆ. ಹೈಬ್ರಿಡ್ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ. ಗಾಡಿ ಭಾರವಾದಷ್ಟೂ ಹಿಂತಿರುಗುವ ಶಕ್ತಿಯೂ ಹೆಚ್ಚು. ನಿಂತಲ್ಲೇ ಎಂಜಿನ್ ಗುರುಗುಟ್ಟುವ ಖರ್ಚೂ ಕಡಿಮೆಯಲ್ಲ. ಗಾತ್ರ ಮತ್ತು ಎಸಿ ನೋಡಿಕೊಂಡು ಗಂಟೆಗೆ ಒಂದರಿಂದ ಎರಡು ಲೀಟರ್ ಹೋಗುತ್ತದೆ, ಅಷ್ಟೂ ಹೊತ್ತು ಮೈಲೇಜ್ ಸೊನ್ನೆ. 120ರ ಹೈವೇಯಲ್ಲಿ ಮಾತ್ರ ಹೈಬ್ರಿಡ್ಡಿಗೂ ಹಿಂದಕ್ಕೆ ಪಡೆಯಲು ಏನೂ ಇರುವುದಿಲ್ಲ, ಗಾಳಿಗೆ ಕೊಟ್ಟದ್ದು ಕೊಟ್ಟ ಹಾಗೆಯೇ.

ಈಗ ನಿಮ್ಮ 15,000 ಕಿಲೋಮೀಟರಿಗೆ ಲೆಕ್ಕ ಹಾಕೋಣ. ಪೇಟೆಯಲ್ಲಿ 9,000 ಕಿ.ಮೀ., ಲೀಟರಿಗೆ 5.5ರಂತೆ 1,636 ಲೀಟರ್. ಹೈವೇಯಲ್ಲಿ 6,000, 7.6ರಂತೆ 789. ಒಟ್ಟು 2,425 ಲೀಟರ್. ನಿಮ್ಮ ಸ್ನೇಹಿತರ ಗಾಡಿಯಂಥದ್ದು ತಗೊಂಡರೆ, ಟಾಹೊದ ಪೇಟೆ ಅಂಕಿಗಳ ಅನುಪಾತದಲ್ಲೇ ಏರಿಕೆ ಎಂದುಕೊಂಡರೂ, ಪೇಟೆಯಲ್ಲಿ 6.3, ಹೈವೇಯಲ್ಲಿ ನೀವೇ ಕಂಡ 8.2. ಒಟ್ಟು ಸುಮಾರು 2,160 ಲೀಟರ್. ಉಳಿತಾಯ 265 ಲೀಟರ್, ಶೇ 11. ಹೈಬ್ರಿಡ್ ತಗೊಂಡು ಪೇಟೆಯಲ್ಲಿ 8.25, ಹೈವೇಯಲ್ಲಿ 9ರ ಆಸುಪಾಸು ಸಿಕ್ಕರೆ 1,760 ಲೀಟರಿಗೆ ಇಳಿಯುತ್ತದೆ. ಉಳಿತಾಯ 665 ಲೀಟರ್. ಮೊದಲಿನದರ ಎರಡೂವರೆ ಪಟ್ಟು. ಬರೀ ಮೈಲೇಜಿಗಾಗಿ ಹಳೇ ವಿ8 ಕೊಟ್ಟು ಹೊಸ ವಿ8 ತಗೊಳ್ಳುವುದಕ್ಕೆ ನಾನು ಬೇಡ ಎನ್ನುತ್ತೇನೆ. ನಿಮ್ಮಷ್ಟು ಪೇಟೆ ಓಟ ಇರುವವರಿಗೆ ಹೈಬ್ರಿಡ್ ಆದರೆ ಯೋಚಿಸಿ ಎನ್ನುತ್ತೇನೆ. ಆರು ಏರ್‌ಬ್ಯಾಗು, ಒಳ್ಳೆಯ ಬ್ರೇಕು, ಹೊಸ ಸುರಕ್ಷತೆಗಾಗಿ ಬದಲಾಯಿಸುವುದಾದರೆ ಅದು ಬೇರೆ ಮಾತು, ಮತ್ತು ಅದು ಸರಿಯಾದ ಕಾರಣ.

ಅದಕ್ಕೂ ಮುಂಚೆ ನಿಮ್ಮ ಹಳೇ ಗಾಡಿಗೆ ನ್ಯಾಯ ಸಿಗಬೇಕು. ಹದಿನೈದು ದಾಟಿದ ಗಾಡಿಯನ್ನು ಹೊಸದರ ಜೊತೆ ಹೋಲಿಸುವಾಗ ನಾವು ಹೋಲಿಸುತ್ತಿರುವುದು ಎರಡು ವಿನ್ಯಾಸಗಳನ್ನಲ್ಲ. ಸವೆದ ಒಂದನ್ನು, ಸವೆಯದ ಇನ್ನೊಂದನ್ನು. ಒಮ್ಮೆ ನನ್ನ ಹತ್ತಿರ ಒಬ್ಬರು ಹಳೇ ಎಸ್‌ಯುವಿ ತಂದಿದ್ದರು. ಎಂಜಿನ್ ರಿಪೇರಿಗೆ ಬಂದಿದೆ, ಮೈಲೇಜ್ ಬಿದ್ದುಹೋಗಿದೆ, ಮಾರಿಬಿಡುತ್ತೇನೆ ಎಂದರು. ಅರ್ಧ ಗಂಟೆ ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ತಂದು ನಿಲ್ಲಿಸಿದೆ. ನಾಲ್ಕೂ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈಯ ಹಿಂಬದಿಯನ್ನು ಹಿಡಿಯುತ್ತಾ ಹೋದೆ. ಮೂರು ಚಕ್ರ ಬೆಚ್ಚಗೆ. ಹಿಂದಿನ ಎಡಗಡೆಯದು ಮಾತ್ರ ಒಲೆಯ ಹತ್ತಿರ ಕೈ ಹಿಡಿದ ಹಾಗೆ. ತಣ್ಣಗಾದ ಮೇಲೆ ಜಾಕ್ ಹಾಕಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಬ್ರೇಕ್ ಕ್ಯಾಲಿಪರಿನ ಪಿನ್ ಒಣಗಿ ಹಿಡಿದುಕೊಂಡು, ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಿತ್ತು. ಆ ಮನುಷ್ಯ ತಿಂಗಳುಗಟ್ಟಲೆ ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ್ದರು. ಎಂಜಿನಿಗೆ ಏನೂ ಆಗಿರಲಿಲ್ಲ.

ನಿಮ್ಮದರಲ್ಲೂ ಇದನ್ನು ನೋಡಿ. ಆಮೇಲೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ಹೋಗುವ ನೀರನ್ನು ತಡೆಯುವ ಕವಾಟ. ಅದು ತೆರೆದೇ ಉಳಿದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ತಣ್ಣಗಿದೆ ಎಂದು ತಿಳಿದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಮಾಮೂಲಿಗಿಂತ ಕೆಳಗೆ ಇಳಿಯುತ್ತಿದ್ದರೆ ಅನುಮಾನಿಸಿ. ಹೊಗೆಯನ್ನು ಅಳೆದು ಪೆಟ್ರೋಲ್ ಎಷ್ಟು ಬೇಕೆಂದು ತಿಳಿಸುವ ಆಕ್ಸಿಜನ್ ಸೆನ್ಸರ್ ಕೆಟ್ಟರೆ ಹೊಡೆತ ಇನ್ನೂ ದೊಡ್ಡದು. ಏರ್ ಫಿಲ್ಟರ್ ಬದಲಾಯಿಸಿದರೆ ಮೈಲೇಜ್ ಏರುತ್ತದೆ ಎಂಬ ಮಾತು ಕಾರ್ಬ್ಯುರೇಟರ್ ಕಾಲದ್ದು. ಇಂಜೆಕ್ಷನ್ ಗಾಡಿಯಲ್ಲಿ ಕೊಳೆ ಫಿಲ್ಟರಿನಿಂದ ಪಿಕಪ್ ಕುಂದುತ್ತದೆಯೇ ಹೊರತು ಮೈಲೇಜಿನ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಆಗುವುದಿಲ್ಲ. ಮೇಲೆ ದೊಡ್ಡ ಲಗೇಜ್ ಬಾಕ್ಸ್ ಕಟ್ಟಿದ್ದರೆ, ಅದು ಚೌಕಾಕಾರದ್ದಾಗಿದ್ದರೆ, 105ರಿಂದ 120ರ ವೇಗದಲ್ಲಿ ಶೇ 10ರಿಂದ 25ರವರೆಗೂ ತಿನ್ನಬಲ್ಲದು. ನಿಮ್ಮ ಆ ಪ್ರವಾಸದಲ್ಲಿ ಯಾರ ಗಾಡಿಯ ಮೇಲೆ ಏನಿತ್ತು ಎಂದು ನೀವು ಬರೆದಿಲ್ಲ. ಒಂದರ ಮೇಲೆ ಬಾಕ್ಸ್ ಇದ್ದು ಇನ್ನೊಂದರ ಮೇಲೆ ಇಲ್ಲದಿದ್ದರೆ ಇಡೀ ಹೋಲಿಕೆಯೇ ತಲೆಕೆಳಗಾಗುತ್ತದೆ.

ಟೈರಿನ ಗಾತ್ರವೂ ಮೋಸ ಮಾಡುತ್ತದೆ. ಹಳೇ ಎಸ್‌ಯುವಿಗಳಿಗೆ ಒಂದು ಸೈಜು ದೊಡ್ಡ ಟೈರ್ ಹಾಕಿಸುವುದು ಸಾಮಾನ್ಯ. 265/70 ಆರ್17 ಇದ್ದ ಕಡೆ 285/70 ಆರ್17 ಹಾಕಿದರೆ ಚಕ್ರದ ಸುತ್ತಳತೆ ಶೇ 3.5ರಷ್ಟು ಹೆಚ್ಚುತ್ತದೆ. ಗಾಡಿ 103.5 ಕಿ.ಮೀ. ಓಡಿದರೂ ಮೀಟರು 100 ಎಂದೇ ತೋರಿಸುತ್ತದೆ. ಜನ ಮೈಲೇಜ್ ಬಿತ್ತು ಎಂದು ಕೊರಗುತ್ತಾರೆ. ಬಿದ್ದದ್ದರಲ್ಲಿ ಒಂದು ಪಾಲು ಬರೀ ಮೀಟರಿನ ಲೆಕ್ಕ. ಫೋನಿನ ಜಿಪಿಎಸ್ ಇಟ್ಟುಕೊಂಡು ಐವತ್ತು ಕಿಲೋಮೀಟರ್ ಓಡಿಸಿ ತಾಳೆ ನೋಡಿದರೆ ಗೊತ್ತಾಗುತ್ತದೆ. ಪೆಟ್ರೋಲಿನಲ್ಲಿರುವ ಎಥನಾಲನ್ನೂ ಮರೆಯಬಾರದು. ಅದರಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಶೇ 10 ಬೆರೆಸಿದರೆ ಮೈಲೇಜಿಗೆ ಶೇ 3ರಷ್ಟು, ಶೇ 20 ಬೆರೆಸಿದರೆ ಶೇ 6-7ರಷ್ಟು ಹೊಡೆತ. 2008ರಲ್ಲಿ ನೀವು ಬರೆದಿಟ್ಟ ಅಂಕಿಗೂ ಇವತ್ತಿನದಕ್ಕೂ ವ್ಯತ್ಯಾಸ ಕಂಡರೆ ಗಾಡಿಯನ್ನು ಬೈಯುವ ಮುಂಚೆ ಇದನ್ನು ಕಳೆಯಿರಿ.

ಅಳೆಯುವ ಕ್ರಮದ ಬಗ್ಗೆಯೂ ಹೇಳಿಬಿಡುತ್ತೇನೆ. ಪರದೆಯ ಮೇಲೆ ಬರುವ ಸರಾಸರಿಯನ್ನು ನಂಬಬೇಡಿ, ಅದು ಹೆಚ್ಚಿನ ಗಾಡಿಗಳಲ್ಲಿ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಫುಲ್ ಟ್ಯಾಂಕ್ ಲೆಕ್ಕವೇ ಸರಿ. ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ನಾಝಲ್ ಮೊದಲ ಸಲ ಟಕ್ ಎಂದು ನಿಂತಲ್ಲಿಗೆ ಸಾಕು. ಇನ್ನೂ ಸ್ವಲ್ಪ ಹಿಡಿಸುತ್ತದೆ ಎಂದು ಒತ್ತಿ ತುಂಬಿಸಬೇಡಿ. ಈ ದೊಡ್ಡ ಟ್ಯಾಂಕುಗಳಲ್ಲಿ ಗಾಡಿ ಸ್ವಲ್ಪ ವಾಲಿ ನಿಂತರೂ ಎರಡು ಮೂರು ಲೀಟರ್ ಆಚೀಚೆ ಆಗುತ್ತದೆ. 40 ಲೀಟರಿನ ಒಂದೇ ತುಂಬಿಸುವಿಕೆಯಲ್ಲಿ 3 ಲೀಟರ್ ಆಚೀಚೆ ಆದರೆ ಶೇ 7.5ರಷ್ಟು ತಪ್ಪು. ನೀವು ಕಂಡ ಇಡೀ ಅಂತರ ಶೇ 8 ಎಂಬುದನ್ನು ಗಮನಿಸಿ! ನಾಲ್ಕು ಟ್ಯಾಂಕು ಸೇರಿಸಿ 280 ಲೀಟರಿಗೆ ಲೆಕ್ಕ ಹಾಕಿದರೆ ಅದೇ ತಪ್ಪು ಶೇ 1ಕ್ಕೆ ಇಳಿಯುತ್ತದೆ. ಕೊನೆಗೆ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಪ್ರತಿ ಟ್ಯಾಂಕಿನ ಮೈಲೇಜುಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. 300 ಕಿ.ಮೀ. ಲೀಟರಿಗೆ 6ರಂತೆ, ಇನ್ನೊಂದು 300 ಕಿ.ಮೀ. 10ರಂತೆ ಓಡಿದರೆ ಸರಾಸರಿ 8 ಅಲ್ಲ. 50 ಮತ್ತು 30, ಒಟ್ಟು 80 ಲೀಟರಿಗೆ 600 ಕಿ.ಮೀ., ಅಂದರೆ 7.5.

ಇನ್ನೊಂದು ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು. ಮೇಲಿನ ಗಾಳಿಯ ಲೆಕ್ಕಕ್ಕೆ ಮತ್ತೆ ಹೋಗಿ. 120ರಲ್ಲಿ ಒಟ್ಟು 1,060 ನ್ಯೂಟನ್ ಎಂದೆವು. 110ರಲ್ಲಿ ಅದು ಸುಮಾರು 930. ಶೇ 12ರಷ್ಟು ಕಡಿಮೆ. ಹೈವೇಯಲ್ಲಿ ನಿಮ್ಮ ಸ್ನೇಹಿತರ ಹೊಸ ಗಾಡಿ ನಿಮ್ಮದಕ್ಕಿಂತ ಗಳಿಸಿದ್ದು ಶೇ 8. ಸ್ಪೀಡೋಮೀಟರಿನ ಮುಳ್ಳನ್ನು ಹತ್ತು ಕೆಳಗಿಟ್ಟುಕೊಂಡರೆ ಹದಿಮೂರು ವರ್ಷದ ಆ ಅಂತರ ನಿಮ್ಮ ಹಳೇ ಗಾಡಿಯಲ್ಲೇ ಕೈಗೆ ಬರುತ್ತದೆ. 200 ಕಿಲೋಮೀಟರ್ ದಾರಿಗೆ ಹೆಚ್ಚಾಗುವುದು ಒಂಬತ್ತು ನಿಮಿಷ.

ಮುಂದಿನ ಸಲ ಇಬ್ಬರೂ ಒಟ್ಟಿಗೆ ಹೊರಟಾಗ ಒಂದು ಕೆಲಸ ಮಾಡಿ. ಹೊರಡುವ ದಿನ ಬೆಳಿಗ್ಗೆ ಟೈರುಗಳು ತಣ್ಣಗಿರುವಾಗಲೇ ಎರಡೂ ಗಾಡಿಗೆ ಕಂಪನಿ ಹೇಳಿದಷ್ಟು ಗಾಳಿ ಹಿಡಿಸಿ, ಮೇಲಿನ ಕ್ಯಾರಿಯರ್ ಬಿಚ್ಚಿಸಿ, ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು 110ರಲ್ಲಿ ಹೋಗಿ. ತಲುಪಿದ ಮೇಲೆ ಮತ್ತೆ ತುಂಬಿಸಿ ಲೀಟರ್ ಬರೆದುಕೊಳ್ಳಿ. ವಾಪಸ್ ಬರುವಾಗ ನೀವು ಅವರ ಗಾಡಿ ಓಡಿಸಿ, ಅವರು ನಿಮ್ಮದು ಓಡಿಸಲಿ. ನಾಲ್ಕು ಅಂಕಿ ಸಿಗುತ್ತವೆ, ಗಾಡಿಯ ಗುಣ ಎಷ್ಟು, ಕಾಲಿನ ಗುಣ ಎಷ್ಟು ಎಂದು ಅದರಲ್ಲಿ ಕಾಣುತ್ತದೆ. ಕಂಡದ್ದನ್ನು ನನಗೂ ಬರೆದು ತಿಳಿಸಿ.